ಕೊಡೆಯ ಸ್ಪೆಲ್ಲಿಂಗ್ ಬರುತ್ತಿತ್ತು, ಕೊಡೆಯ ಹೆಸರು ಬರುತ್ತಿರಲಿಲ್ಲ: ಮೂಡಿಗೆರೆ ಸೀಮೆಯ ಒಂದು ನಲಿ-ಕಲಿ ಕೊಠಡಿಯ ಪ್ರಕರಣ ಅಧ್ಯಯನ

ಜುಲೈ ತಿಂಗಳ ಒಂದು ಮಧ್ಯಾಹ್ನ ಹೊರಗೆ ಜಡಿಮಳೆ ಹಿಡಿದಿತ್ತು. ತರಗತಿಯ ಗೋಡೆಯ ಮೊಳೆಗಳಿಗೆ ನೇತುಹಾಕಿದ್ದ ಕೊಡೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಮೂರನೆಯ ತರಗತಿಯ ಹುಡುಗಿಯೊಬ್ಬಳಿಗೆ ಅವಳದೇ ಕೊಡೆಯನ್ನು ತೋರಿಸಿ, ಇದನ್ನು ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿದೆ. ಅವಳು ಕಣ್ಣು ಮುಚ್ಚಿ, "ಯು, ಎಂ, ಬಿ, ಆರ್, ಇ, ಎಲ್, ಎಲ್, ಎ" ಎಂದು ಒಂದಕ್ಷರವೂ ತಪ್ಪದಂತೆ ಹೇಳಿ ನಿಲ್ಲಿಸಿದಳು. "ಸರಿ ಪುಟ್ಟಿ, ಅದನ್ನು ಕೂಡಿಸಿ ಏನಂತಾರೆ?" ಎಂದೆ. ಅವಳು ಗಲಿಬಿಲಿಗೊಂಡು, "ಅದೇ ಟೀಚರ್, ಸ್ಪೆಲ್ಲಿಂಗು" ಎಂದಳು. ಹಿಂದಿನ ವಾರದ ಉಕ್ತಲೇಖನದಲ್ಲಿ ಪೂರ್ತಿ ಅಂಕ ಪಡೆದಿದ್ದ ಮಗು ಅದು, ಆ ಅಂಕ ಕೊಟ್ಟವಳು ನಾನು. ಎಂಟು ಅಕ್ಷರಗಳ ಆ ಸಾಲು ಅವಳ ಪಾಲಿಗೆ ಕೊಡೆಗೂ ಮಳೆಗೂ ಸಂಬಂಧವಿಲ್ಲದ ಮಗ್ಗಿಯಂಥ ವಸ್ತುವಾಗಿತ್ತು ಎಂಬುದು ಆ ಕ್ಷಣದಲ್ಲಿ ನನಗೆ ತಿಳಿಯಿತು. ಅಲ್ಲಿಂದ ಆ ಶೈಕ್ಷಣಿಕ ವರ್ಷದ ಕೊನೆಯವರೆಗೆ ಆ ಕೊಠಡಿಯಲ್ಲಿ ನಡೆದ ಪ್ರಯತ್ನ, ಎಡವಟ್ಟು ಮತ್ತು ತಿದ್ದುಪಡಿಗಳನ್ನು ಇಲ್ಲಿ ದಾಖಲಿಸಿದ್ದೇನೆ.

ಶಾಲೆಯು ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟಗಳ ನಡುವಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಮೂರನೆಯ ತರಗತಿಯವರೆಗಿನ ಹದಿನಾರು ಮಕ್ಕಳು ಒಂದೇ ಕೊಠಡಿಯಲ್ಲಿ ಕೂರುತ್ತಾರೆ. ಕೆಲವರು ಸಣ್ಣ ಹಿಡುವಳಿದಾರರ ಮಕ್ಕಳು, ಉಳಿದವರು ತೋಟದ ಲೈನ್ ಮನೆಗಳಿಂದ, ಅಂದರೆ ಕಾರ್ಮಿಕರ ಸಾಲುಮನೆಗಳಿಂದ, ಬರುವವರು. ಲೈನ್ ಮನೆಗಳ ಮಕ್ಕಳಲ್ಲಿ ತುಳು ಅಥವಾ ತಮಿಳು ಮನೆಮಾತಿನವರೂ ಇದ್ದಾರೆ, ಆದರೆ ಆಟದ ಮಾತು ಎಲ್ಲರಿಗೂ ಕನ್ನಡವೇ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ನಂತರ ರಾಜ್ಯದಾದ್ಯಂತ ಹಬ್ಬಿದ ನಲಿ-ಕಲಿ ಪದ್ಧತಿಯ ಕಾರಣದಿಂದ ಕನ್ನಡ, ಗಣಿತ ಮತ್ತು ಪರಿಸರ ಅಧ್ಯಯನವನ್ನು ಮಕ್ಕಳು ಕಾರ್ಡು, ಹಾಡು, ಗುಂಪು ಕೆಲಸಗಳ ಮೂಲಕ ಕಲಿಯುತ್ತಿದ್ದರು. ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007-08ರಲ್ಲಿ. ನನ್ನ ಕೊಠಡಿಯಲ್ಲಿ ಮಾತ್ರ, ಉಳಿದ ವಿಷಯಗಳಿಗೆ ಸಿಕ್ಕಿದ್ದ ಆಟ ಮತ್ತು ಮಾತಿನ ಭಾಗ್ಯ ಇಂಗ್ಲಿಷಿಗೆ ಸಿಕ್ಕಿರಲಿಲ್ಲ. ಕಪ್ಪು ಹಲಗೆಯ ಮೇಲೆ ಹತ್ತು ಪದ, ಎದುರಿಗೆ ಕನ್ನಡದ ಅರ್ಥ, ಪ್ರತಿಯೊಂದನ್ನೂ ಐದು ಸಲ ಬರೆದು ತರುವುದು, ಶನಿವಾರ ಉಕ್ತಲೇಖನ. ನಾನು ಕಲಿತದ್ದೂ ಹೀಗೆಯೇ ಆದ್ದರಿಂದ ಅದನ್ನು ಪ್ರಶ್ನಿಸಿರಲಿಲ್ಲ.

ಕೊಡೆಯ ಘಟನೆಯ ನಂತರ ಮೊದಲು ಮಾಡಿದ ಕೆಲಸವೆಂದರೆ, ಎರಡು ವಾರಗಳ ಕಾಲ ಬಿಸಿಯೂಟದ ಬಳಿಕ ಎರಡನೆಯ ಮತ್ತು ಮೂರನೆಯ ತರಗತಿಯ ಒಂದೊಂದು ಮಗುವನ್ನೇ ಜಗಲಿಗೆ ಕರೆದು, ಈಗಾಗಲೇ ಕಲಿಸಿದ್ದ ನಲವತ್ತು ಪದಗಳನ್ನು ಬರಹವಿಲ್ಲದೆ ಪರೀಕ್ಷಿಸಿದ್ದು. ವಸ್ತುವನ್ನು ತೋರಿಸಿದರೆ ಹೆಸರು ಹೇಳುತ್ತದೆಯೇ, ಹೆಸರು ಹೇಳಿದರೆ ವಸ್ತುವನ್ನು ಮುಟ್ಟುತ್ತದೆಯೇ, ಇಂಗ್ಲಿಷಿನಲ್ಲಿ ಒಂದು ಸಣ್ಣ ಕೆಲಸ ಹೇಳಿದರೆ ಮಾಡುತ್ತದೆಯೇ ಎಂಬ ಮೂರನ್ನು ಮಾತ್ರ ನೋಡಿದೆ. ಉಕ್ತಲೇಖನದ ಅಂಕಗಳಿಗೂ ಈ ಮೂರಕ್ಕೂ ಹೊಂದಿಕೆಯೇ ಇರಲಿಲ್ಲ. ಚೆನ್ನಾಗಿ ಬರೆಯುವ ಮಕ್ಕಳು ತಾವು ಬರೆಯಬಲ್ಲ ಪದವನ್ನೇ ಕಿವಿಯಲ್ಲಿ ಕೇಳಿದಾಗ ಗುರುತಿಸುತ್ತಿರಲಿಲ್ಲ. ಮೂರನೆಯ ಪರೀಕ್ಷೆಯಲ್ಲಿ, ಅಂದರೆ ಕೆಲಸ ಹೇಳಿದಾಗ, ಹೆಚ್ಚುಕಡಿಮೆ ಎಲ್ಲರೂ ನನ್ನ ಮುಖ ನೋಡುತ್ತ ನಿಂತುಬಿಟ್ಟರು.

ಆದರೆ ಈ ಪರೀಕ್ಷೆಯ ನಡುವೆ ಇನ್ನೊಂದು ಸಂಗತಿ ಎದುರಾಯಿತು. ಮುಂದಿನ ಕೆಲಸವೆಲ್ಲ ಅದರ ಮೇಲೆಯೇ ನಿಂತಿದೆ. ಎರಡನೆಯ ತರಗತಿಯ ಒಬ್ಬ ಹುಡುಗನನ್ನು ನಾನು ಇಂಗ್ಲಿಷಿನಲ್ಲಿ ಏನೂ ಬಾರದವನೆಂದು ಎಣಿಸಿದ್ದೆ. ಅವನ ಅಪ್ಪ ಒಂದು ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರವನ್ನು ನೋಡಿಕೊಳ್ಳುವವರು. ನಲವತ್ತು ಪದಗಳಲ್ಲಿ ಬೆರಳೆಣಿಕೆಯಷ್ಟೂ ಹೇಳಲಾರದೆ ಅವನು ತಲೆ ತಗ್ಗಿಸಿ ಕೂತಾಗ, ಅವನನ್ನು ಸಮಾಧಾನಪಡಿಸಲೆಂದು ಅಪ್ಪ ಏನು ಕೆಲಸ ಮಾಡುತ್ತಾರೆ ಎಂದು ಕನ್ನಡದಲ್ಲೇ ಕೇಳಿದೆ. ಅವನು ಹುರುಪಿನಿಂದ, ಮೋಟರ್ ಸ್ವಿಚ್ ಆನ್ ಮಾಡಿದರೆ ಬೆಲ್ಟ್ ತಿರುಗುತ್ತದೆ, ಬೇರಿಂಗಿಗೆ ಗ್ರೀಸ್ ಹಾಕಬೇಕು, ಲೋಡ್ ಜಾಸ್ತಿಯಾದರೆ ಫ್ಯೂಸ್ ಹೋಗುತ್ತದೆ, ಟ್ಯಾಂಕ್ ಫುಲ್ ಆದರೆ ಪೈಪ್ ಬಂದ್ ಮಾಡಬೇಕು ಎಂದು ಒಂದೇ ಉಸಿರಿಗೆ ವಿವರಿಸಿದ. ನಾನು ಬೆರಳು ಮಡಿಸುತ್ತ ಎಣಿಸಿದರೆ ಹತ್ತಕ್ಕಿಂತ ಹೆಚ್ಚು ಇಂಗ್ಲಿಷ್ ಪದಗಳು. "ಇದೆಲ್ಲ ಇಂಗ್ಲಿಷ್ ಅಲ್ಲವೇನೋ?" ಎಂದಾಗ ಅವನು ನಂಬಲಿಲ್ಲ. "ಇಲ್ಲ ಟೀಚರ್, ಇದು ನಮ್ಮಪ್ಪ ಮಾತಾಡೋದು" ಎಂದ.

ಮಗು ಶಾಲೆಗೆ ಬರುವ ಮೊದಲೇ ಅದರ ಕನ್ನಡದೊಳಗೆ ನೂರಾರು ಇಂಗ್ಲಿಷ್ ಪದಗಳು ಬಂದು ಕೂತಿರುತ್ತವೆ. ಬಸ್ಸು, ಟಿಕೆಟ್ಟು, ಬ್ಯಾಗು, ಬಕೆಟ್ಟು, ಮಗ್ಗು, ಸೋಪು, ಬ್ರಷ್ಷು, ಲೈಟು, ಗ್ಲಾಸು, ಪ್ಲೇಟು, ಟಾರ್ಚು. ಇವು ಇಂಗ್ಲಿಷ್ ಎಂದು ಮಗುವಿಗೆ ಯಾರೂ ಹೇಳಿರುವುದಿಲ್ಲ. ಶಾಲೆಯ ಇಂಗ್ಲಿಷ್ ಬೇರೆ, ಅದು ಪುಸ್ತಕದಲ್ಲಿರುವುದು, ಕಷ್ಟದ್ದು, ಬರೆದು ತೋರಿಸಬೇಕಾದದ್ದು ಎಂದು ಅದು ಭಾವಿಸುತ್ತದೆ. ಹೀಗೆ ಕೈಯಲ್ಲಿರುವ ಬಂಡವಾಳವನ್ನು ಲೆಕ್ಕಕ್ಕೆ ಹಿಡಿಯದೆ, ಮಗು ಎಂದೂ ನೋಡದ ಇಗ್ಲೂ ಎಂಬ ಹಿಮದ ಮನೆ ಮತ್ತು ಯಾಕ್ ಪ್ರಾಣಿಯ ಹೆಸರನ್ನು ಅಕ್ಷರಮಾಲೆಯ ನೆಪದಲ್ಲಿ ಬಾಯಿಪಾಠ ಮಾಡಿಸುವುದು ಮಗುವಿಗೆ ಮಾಡುವ ಅನ್ಯಾಯ ಎಂದು ನಾನು ಇಂದು ನಂಬಿದ್ದೇನೆ.

ಆಗಸ್ಟಿನಲ್ಲಿ ಒಂದು ಉದ್ದದ ಲೆಕ್ಕದ ಪುಸ್ತಕ ತಂದು ಅದಕ್ಕೆ ಪದಗಳ ಖಾತೆ ಎಂದು ಹೆಸರಿಟ್ಟೆವು. ಮನೆಯಲ್ಲಿ, ದಾರಿಯಲ್ಲಿ, ತೋಟದಲ್ಲಿ ಕೇಳಿದ ಇಂಗ್ಲಿಷ್ ಪದವನ್ನು ಮಕ್ಕಳು ಬೆಳಿಗ್ಗೆ ತಂದು ಹೇಳಬೇಕು. ಅದು ಇಂಗ್ಲಿಷೋ ಅಲ್ಲವೋ ಎಂದು ಎಲ್ಲರೂ ಸೇರಿ ತೀರ್ಮಾನಿಸಬೇಕು, ಹೌದಾದರೆ ಖಾತೆಗೆ ಏರಿಸಬೇಕು. ಈ ತೀರ್ಮಾನದ ಹೊತ್ತೇ ಒಳ್ಳೆಯ ಪಾಠವಾಯಿತು. ಕುರ್ಚಿ ಇಂಗ್ಲಿಷ್ ಎಂದು ಒಬ್ಬಳು ವಾದಿಸಿದಳು, ಸಾಬೂನು ಇಂಗ್ಲಿಷ್ ಎಂದು ಇನ್ನೊಬ್ಬ. ಎರಡೂ ಅರಬ್ಬೀ ಮೂಲದಿಂದ ಬಂದವು, ಪದಗಳು ಊರಿಂದ ಊರಿಗೆ ನಡೆದು ಬರುತ್ತವೆ ಎಂದು ಹೇಳಿದಾಗ, ಕಾಫಿ ಎಲ್ಲಿಂದ ಬಂತು ಎಂದು ಕೇಳಿದರು. ಬಾಬಾ ಬುಡನ್ ಅರಬ್ಬರ ನಾಡಿನಿಂದ ಏಳು ಕಾಫಿ ಬೀಜ ತಂದರೆಂಬ ಬಾಬಾಬುಡನ್‌ಗಿರಿಯ ಐತಿಹ್ಯ ಅವರಿಗೆ ಗೊತ್ತೇ ಇತ್ತು. ಗಿಡದ ಜೊತೆಗೆ ಹೆಸರೂ ಅರಬ್ಬರ ನಾಡಿನಿಂದ ಹೊರಟದ್ದು ಎಂಬುದು ಮಾತ್ರ ಹೊಸದಾಗಿತ್ತು.

ಖಾತೆಯ ಪದಗಳಲ್ಲಿ ಎರಡು ತೊಡಕುಗಳಿದ್ದವು. ಮೊದಲನೆಯದು ಉಚ್ಚಾರಣೆ. ಕನ್ನಡದ ಬಾಯಿ ವ್ಯಂಜನಕ್ಕೆ ಮುಗಿಯುವ ಪದದ ಕೊನೆಗೆ ಉಕಾರವನ್ನು ಸೇರಿಸುತ್ತದೆ, ಎಕಾರದಿಂದ ಆರಂಭವಾಗುವ ಪದಕ್ಕೆ ಯಕಾರವನ್ನು ತರುತ್ತದೆ. ಹೀಗಾಗಿ ಎಗ್ ಎಂಬುದು ಯೆಗ್ಗು ಆಗುತ್ತದೆ. ಇದು ನಮ್ಮ ಭಾಷೆಯ ಸಹಜ ಗುಣ, ತಪ್ಪೆಂದು ಬೈಯಬೇಕಾದದ್ದಲ್ಲ. ಆದ್ದರಿಂದ ಬಾಲ ಕತ್ತರಿಸುವ ಆಟವೊಂದನ್ನು ಮಾಡಿಕೊಂಡೆವು. ನಾನು ಬಸ್ಸು ಎಂದರೆ ಮಕ್ಕಳು ಬೆರಳುಗಳನ್ನು ಕತ್ತರಿಯಂತೆ ಆಡಿಸಿ ಬಸ್ ಎನ್ನಬೇಕು, ಬಕೆಟ್ಟು ಎಂದರೆ ಬಕೆಟ್ ಎನ್ನಬೇಕು. ಆಟ ಎಷ್ಟು ಹಿಡಿಸಿತೆಂದರೆ, ಒಂದನೆಯ ತರಗತಿಯ ಮಕ್ಕಳು ಹಾಲನ್ನು ಹಾಲ್ ಎಂದೂ ಕಲ್ಲನ್ನು ಕಲ್ ಎಂದೂ ಕತ್ತರಿಸಿ ಅವನ್ನೂ ಖಾತೆಗೆ ಸೇರಿಸಲು ಹಟ ಹಿಡಿದರು. ಬಾಲ ಕತ್ತರಿಸಿದ್ದೆಲ್ಲ ಇಂಗ್ಲಿಷ್ ಆಗುವುದಿಲ್ಲ ಎಂದು ತಿಳಿಸಲು ಇನ್ನೊಂದು ವಾರ ಹಿಡಿಯಿತು.

ಎರಡನೆಯ ತೊಡಕು ಅರ್ಥದ್ದು. ನಮ್ಮ ಕಡೆ ಕವರ್ ಎಂದರೆ ಸಾಮಾನು ತರುವ ಪ್ಲಾಸ್ಟಿಕ್ ಚೀಲ, ಹೋಟೆಲ್ ಎಂದರೆ ತಿಂಡಿ ತಿನ್ನುವ ಜಾಗ, ಕರೆಂಟು ಎಂದರೆ ವಿದ್ಯುತ್ತು, ರೈಟರ್ ಎಂದರೆ ಎಸ್ಟೇಟಿನಲ್ಲಿ ಹಾಜರಿ ಮತ್ತು ಲೆಕ್ಕ ಬರೆಯುವವರು. ಇಂಗ್ಲಿಷಿನಲ್ಲಿ ಈ ಪದಗಳ ಹರವು ಬೇರೆ. ಮಕ್ಕಳ ಬಳಕೆಯನ್ನು ತಪ್ಪೆಂದು ಅಳಿಸುವುದು ನನಗೆ ಸರಿ ಕಾಣಲಿಲ್ಲ, ಏಕೆಂದರೆ ರೈಟರ್ ಎಂಬುದು ಆ ಮಕ್ಕಳ ಕನ್ನಡದಲ್ಲಿ ಜೀವಂತ ಪದ. ಖಾತೆಯ ಪುಟದಲ್ಲಿ ಎರಡು ಕಲಮು ಎಳೆದು, ಎಡಗಡೆ ನಾವು ಹೇಗೆ ಹೇಳುತ್ತೇವೆ ಎಂದೂ ಬಲಗಡೆ ಇಂಗ್ಲಿಷಿನವರು ಅದನ್ನು ಯಾವುದಕ್ಕೆ ಹೇಳುತ್ತಾರೆ ಎಂದೂ ಬರೆದೆವು. ಚೀಲ ಎಂಬುದರ ಎದುರಿಗೆ ಬ್ಯಾಗ್ ಬಂತು, ಕವರ್ ಎಂಬುದರ ಎದುರಿಗೆ ಪುಸ್ತಕಕ್ಕೆ ಹಾಕುವ ಹೊದಿಕೆ ಬಂತು.

ಇಷ್ಟರಿಂದ ಹೆಸರು ಪದಗಳ ಸಂಗ್ರಹ ಬೇಗ ಬೆಳೆಯಿತು. ನಿಜವಾದ ಕಷ್ಟ ಶುರುವಾದದ್ದು ಕ್ರಿಯಾಪದಗಳಲ್ಲಿ, ಮತ್ತು ನಾನು ದೊಡ್ಡ ತಪ್ಪು ಮಾಡಿದ್ದೂ ಅಲ್ಲಿಯೇ. ಕನ್ನಡವು ಇಂಗ್ಲಿಷಿನಿಂದ ಕ್ರಿಯಾಪದವನ್ನು ತೆಗೆದುಕೊಂಡರೂ ಅದನ್ನು ಹೆಸರಿನಂತೆ ಇಟ್ಟುಕೊಂಡು ಮುಂದೆ ಮಾಡು ಎಂದು ಸೇರಿಸುತ್ತದೆ: ಓಪನ್ ಮಾಡು, ವಾಷ್ ಮಾಡು, ಸ್ಟಾರ್ಟ್ ಮಾಡು. ಅಂಥ ಕೆಲವು ಪದಗಳು ಮಕ್ಕಳಿಗೆ ಗೊತ್ತಿದ್ದವು. ಆದರೆ ದಿನವೂ ನೂರು ಸಲ ಬಳಸುವ ಕ್ರಿಯೆಗಳು ಅಪ್ಪಟ ಕನ್ನಡದವು, ಮತ್ತು ಅವು ಇಂಗ್ಲಿಷಿಗೆ ಒಂದಕ್ಕೊಂದು ಹೊಂದುವುದಿಲ್ಲ. ಹಾಕು ಎಂಬ ಪದವನ್ನೇ ನೋಡಬಹುದು. ಅಂಗಿ ಹಾಕುತ್ತೇವೆ, ಬಾಗಿಲು ಹಾಕುತ್ತೇವೆ, ಲೈಟು ಹಾಕುತ್ತೇವೆ, ಲೋಟಕ್ಕೆ ನೀರು ಹಾಕುತ್ತೇವೆ, ತಟ್ಟೆಗೆ ಅನ್ನ ಹಾಕುತ್ತೇವೆ, ಗಿಡಕ್ಕೆ ಗೊಬ್ಬರ ಹಾಕುತ್ತೇವೆ. ನಿಘಂಟಿನ ಪ್ರಕಾರ ಹೋದರೆ ಇವುಗಳಿಗೆ ವೇರ್, ಶಟ್, ಸ್ವಿಚ್ ಆನ್, ಪೋರ್, ಸರ್ವ್ ಎಂದು ಬೇರೆ ಬೇರೆ ಪದಗಳು.

ಈ ವ್ಯತ್ಯಾಸವನ್ನು ಕಂಡುಹಿಡಿದ ಉತ್ಸಾಹದಲ್ಲಿ ನಾನು ಐದನ್ನೂ ಒಂದೇ ವಾರದಲ್ಲಿ ಕಲಿಸಲು ಹೊರಟೆ. ಅಭಿನಯ ಮಾಡಿ ತೋರಿಸಿದೆ, ಮಾಡಿಸಿದೆ, ಹಾಡನ್ನೂ ಕಟ್ಟಿದೆ. ಶುಕ್ರವಾರದ ಹೊತ್ತಿಗೆ ಮಕ್ಕಳು ಅಂಗಿಯನ್ನು ಪೋರ್ ಮಾಡುತ್ತಿದ್ದರು, ಬಾಗಿಲನ್ನು ವೇರ್ ಮಾಡುತ್ತಿದ್ದರು. ಅವರ ದೃಷ್ಟಿಯಿಂದ ನೋಡಿದರೆ ಅದು ತಪ್ಪೇ ಅಲ್ಲ: ಐದು ಪದಗಳಿಗೂ ಅವರ ಮನಸ್ಸಿನಲ್ಲಿದ್ದ ಅರ್ಥ ಹಾಕು ಎಂಬ ಒಂದೇ ಒಂದು, ಆದ್ದರಿಂದ ಯಾವುದನ್ನು ಬಳಸಿದರೂ ನಡೆಯಬೇಕು. ಆ ವಾರದ ಕೊನೆಗೆ ಚುರುಕಾಗಿದ್ದ ಮಕ್ಕಳೂ ಬಾಯಿ ತೆರೆಯಲು ಹಿಂಜರಿಯತೊಡಗಿದ್ದು ನನಗೆ ತುಂಬ ನೋವು ತಂದಿತು.

ದಾರಿ ಸಿಕ್ಕಿದ್ದು ಹಳೆಯದೊಂದು ಪದಪಟ್ಟಿಯಿಂದ. ಇಂಗ್ಲೆಂಡಿನ ಭಾಷಾಚಿಂತಕ ಸಿ. ಕೆ. ಆಗ್ಡೆನ್ 1930ರಲ್ಲಿ ಕೇವಲ 850 ಪದಗಳ ಬೇಸಿಕ್ ಇಂಗ್ಲಿಷ್ ಎಂಬ ಸರಳ ರೂಪವನ್ನು ಮುಂದಿಟ್ಟಾಗ, ಅದರಲ್ಲಿ ಕ್ರಿಯಾಪದಗಳಿಗೆಂದು ಉಳಿಸಿಕೊಂಡದ್ದು 18 ಮಾತ್ರ. ಕಮ್, ಗೋ, ಗಿವ್, ಗೆಟ್, ಪುಟ್, ಟೇಕ್, ಮೇಕ್, ಕೀಪ್, ಲೆಟ್ ಇಂಥವು. ಇವುಗಳ ಜೊತೆಗೆ ಆನ್, ಆಫ್, ಇನ್, ಔಟ್ ಮುಂತಾದ ಸಣ್ಣ ಪದಗಳನ್ನು ಸೇರಿಸಿದರೆ ಉಳಿದ ಕ್ರಿಯೆಗಳನ್ನೆಲ್ಲ ಹೇಳಬಹುದು ಎಂಬುದು ಆತನ ಎಣಿಕೆ. ಇಡೀ ಭಾಷೆಯನ್ನು ಹಾಗೆ ಕಿರಿದಾಗಿಸುವುದು ಸರಿಯೇ ಎಂಬುದು ಬೇರೆ ಚರ್ಚೆ. ನನಗೆ ಹೊಳೆದದ್ದು ಇಷ್ಟು: ಪುಟ್ ಎಂಬುದು ನಮ್ಮ ಹಾಕು ಎಂಬುದರಂತೆಯೇ ಬಹಳ ಕೆಲಸಕ್ಕೆ ಒದಗುವ ಪದ. ಪುಟ್ ಆನ್ ದ ಶರ್ಟ್ ಎಂದರೆ ಅಂಗಿ ಹಾಕು. ಪುಟ್ ಆನ್ ದ ಲೈಟ್ ಎಂದರೆ ಲೈಟು ಹಾಕು. ಪುಟ್ ವಾಟರ್ ಇನ್ ದ ಗ್ಲಾಸ್, ಪುಟ್ ರೈಸ್ ಆನ್ ದ ಪ್ಲೇಟ್. ಹೊಂದದೆ ಉಳಿಯುವುದು ಬಾಗಿಲೊಂದೇ, ಅದಕ್ಕೆ ಶಟ್ ಬೇಕು. ಹಾಗೆಯೇ ತೆಗೆ ಎಂಬುದಕ್ಕೆ ಟೇಕ್: ಅಂಗಿ ತೆಗೆ ಎಂದರೆ ಟೇಕ್ ಆಫ್, ಚೀಲದಿಂದ ಪುಸ್ತಕ ತೆಗೆ ಎಂದರೆ ಟೇಕ್ ಔಟ್. ಇಲ್ಲಿಯೂ ಜಗಳವಾಡುವುದು ಬಾಗಿಲೇ, ಅದಕ್ಕೆ ಓಪನ್ ಬೇಕು, ಮತ್ತು ಓಪನ್ ಎಂಬುದು ಮಕ್ಕಳಿಗೆ ಆಗಲೇ ಗೊತ್ತಿತ್ತು.

ಸೆಪ್ಟೆಂಬರಿನ ಮೊದಲ ವಾರದಿಂದ ಐದು ಪದಗಳನ್ನು ಬದಿಗಿಟ್ಟು ಪುಟ್ ಮತ್ತು ಟೇಕ್ ಎರಡನ್ನೇ ಹಿಡಿದೆವು. ಜೇಮ್ಸ್ ಆಷರ್ ಎಂಬ ಮನಶ್ಶಾಸ್ತ್ರಜ್ಞ 1960ರ ದಶಕದಿಂದ ಪ್ರತಿಪಾದಿಸಿದ ಕ್ರಮವನ್ನು ಅನುಸರಿಸಿ, ಮಕ್ಕಳು ಮೊದಲ ಕೆಲವು ದಿನ ಏನೂ ಮಾತಾಡಬೇಕಾಗಿಲ್ಲ, ನಾನು ಹೇಳಿದ್ದನ್ನು ಕೇಳಿ ಮೈಯಿಂದ ಮಾಡಿದರೆ ಸಾಕು ಎಂದು ನಿಯಮ ಮಾಡಿದೆ. ಮಳೆಗೆ ಹೊದ್ದು ಬಂದ ಪ್ಲಾಸ್ಟಿಕ್ ಕೊಪ್ಪೆ, ಕೊಡೆ, ಚಪ್ಪಲಿ, ನೀರಿನ ಬಾಟಲಿ, ಊಟದ ತಟ್ಟೆ ಇವೇ ಪಾಠೋಪಕರಣಗಳು. ಒಂದು ವಾರದ ನಂತರ ಮಕ್ಕಳೇ ಒಬ್ಬರಿಗೊಬ್ಬರು ಅಪ್ಪಣೆ ಕೊಡತೊಡಗಿದರು. ಪಲ್ಪರ್ ಕೆಲಸಗಾರರ ಮಗ ಎದ್ದುನಿಂತು, "ಪುಟ್ ಗ್ರೀಸ್ ಇನ್ ದ ಬೇರಿಂಗ್" ಎಂದ. ಅದನ್ನು ನಾನು ಕಲಿಸಿರಲಿಲ್ಲ, ಯಾವ ಪುಸ್ತಕದಲ್ಲೂ ಆ ವಾಕ್ಯವಿರಲಿಲ್ಲ. ನನ್ನ ಬೋಧನೆಯ ವರ್ಷಗಳಲ್ಲಿ ಅಷ್ಟು ಸಂತೋಷ ಕೊಟ್ಟ ವಾಕ್ಯಗಳು ಕಡಿಮೆ. ಪೋರ್, ಸರ್ವ್ ಮುಂತಾದವನ್ನು ದಸರಾ ರಜೆಯ ನಂತರ, ಒಂದೊಂದರ ನಡುವೆ ಎರಡು ವಾರ ಬಿಟ್ಟು ತಂದಾಗ ಯಾವ ಗೊಂದಲವೂ ಆಗಲಿಲ್ಲ.

ಇದೇ ಸಂದರ್ಭದಲ್ಲಿ ಇನ್ನೊಂದು ರೂಢಿಯನ್ನೂ ಕೈಬಿಡಬೇಕಾಯಿತು. ಹಣ್ಣುಗಳೆಲ್ಲ ಒಂದು ಪಾಠ, ಬಣ್ಣಗಳೆಲ್ಲ ಒಂದು ಪಾಠ ಎಂಬ ಜೋಡಣೆ ನೋಡಲು ಅಚ್ಚುಕಟ್ಟು, ಆದರೆ ಒಂದೇ ಬಗೆಯ ಹೊಸ ಪದಗಳನ್ನು ಒಟ್ಟಿಗೆ ಕೊಟ್ಟರೆ ಅವು ಮಗುವಿನ ನೆನಪಿನಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ತರಕಾರಿಗಳ ವಾರದಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಕ್ಯಾರೆಟ್, ಬೀನ್ಸ್, ಬೀಟ್‌ರೂಟ್ ಎಂಬವು ನಮ್ಮ ಅಡುಗೆಮನೆಯಲ್ಲಿ ಆ ಹೆಸರಿನಿಂದಲೇ ಇರುವುದರಿಂದ ಅವುಗಳಲ್ಲಿ ತೊಂದರೆಯಾಗಲಿಲ್ಲ. ಬದನೆ, ಕುಂಬಳ, ಸೌತೆ ಮೂರರ ಇಂಗ್ಲಿಷ್ ಹೆಸರುಗಳು ಮಾತ್ರ ತಿಂಗಳಾದರೂ ಅದಲುಬದಲಾಗುತ್ತಲೇ ಇದ್ದವು. ಭಾಷಾಕಲಿಕೆಯ ಸಂಶೋಧಕ ಟಾಮಸ್ ಟಿಂಕಮ್ 1990ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಇದನ್ನೇ ತೋರಿಸಿವೆ: ಒಂದೇ ವರ್ಗಕ್ಕೆ ಸೇರಿದ ಪದಗಳ ಗುಂಪನ್ನು ಕಲಿಯುವುದು, ಪರಸ್ಪರ ಸಂಬಂಧವಿಲ್ಲದ ಪದಗಳನ್ನು ಕಲಿಯುವುದಕ್ಕಿಂತ ನಿಧಾನ. ಆದ್ದರಿಂದ ವರ್ಗದ ಬದಲು ಸನ್ನಿವೇಶವನ್ನು ಘಟಕವಾಗಿ ಹಿಡಿದೆವು.

ಬಿಸಿಯೂಟ ಅಂಥ ಮೊದಲ ಸನ್ನಿವೇಶ. ವಾಷ್, ಪ್ಲೇಟ್, ಸಿಟ್, ವೇಟ್, ಹಾಟ್, ಮೋರ್, ಇನಫ್ ಎಂಬ ಏಳು ಪದಗಳು, ಇವುಗಳಲ್ಲಿ ಯಾವುದೂ ಇನ್ನೊಂದರ ವರ್ಗಕ್ಕೆ ಸೇರಿದ್ದಲ್ಲ. ಅಡುಗೆಯ ಅಕ್ಕನಿಗೆ ವಿಷಯ ತಿಳಿಸಿದಾಗ ಅವರು ಸೌಟು ಹಿಡಿದುಕೊಂಡೇ, "ಮೋರಾ? ಇನಫಾ?" ಎಂದು ಪ್ರತಿ ಮಗುವನ್ನೂ ಕೇಳಲು ಆರಂಭಿಸಿದರು. ಸಾಕು ಎಂಬುದು ಮಗುವಿಗೆ ದಿನವೂ ನಿಜವಾಗಿ ಬೇಕಾಗುವ ಮಾತು. ಹೇಳದಿದ್ದರೆ ತಟ್ಟೆಗೆ ಇನ್ನೊಂದು ಸೌಟು ಸಾರು ಬೀಳುತ್ತದೆ. ಅಂಥ ಒತ್ತಾಯವನ್ನು ಕಪ್ಪು ಹಲಗೆ ಒದಗಿಸಲಾರದು. ಇನಫ್ ಎಂಬ ಪದದ ಸ್ಪೆಲ್ಲಿಂಗ್ ದೊಡ್ಡವರನ್ನೂ ಕಾಡುವಂಥದ್ದು, ಆದರೆ ಒಂದನೆಯ ತರಗತಿಯ ಮಕ್ಕಳೂ ಎರಡು ದಿನದಲ್ಲಿ ಅದನ್ನು ಬಳಸುತ್ತಿದ್ದರು.

ಊಟದ ಸಾಲಿನಲ್ಲಿಯೇ ಎರಡು ಭಾಷೆಗಳ ಸ್ವಭಾವವೂ ಬಯಲಾಯಿತು. ಬಿಸಿ ಮತ್ತು ಖಾರ ಎರಡಕ್ಕೂ ಇಂಗ್ಲಿಷಿನಲ್ಲಿ ಹಾಟ್ ಎನ್ನಬಹುದು ಎಂದಾಗ ಮಕ್ಕಳಿಗೆ ಆಶ್ಚರ್ಯ. ಅಕ್ಕಿಗೂ ಅನ್ನಕ್ಕೂ ರೈಸ್ ಎಂಬ ಒಂದೇ ಪದ ಎಂದಾಗ, ಗದ್ದೆಯ ಬದುವಿನ ಮೇಲೆ ನಡೆದು ಬರುವ ಒಬ್ಬ ಹುಡುಗಿ, "ಅವರಿಗೆ ಅನ್ನಕ್ಕೆ ಬೇರೆ ಹೆಸರೇ ಇಲ್ವಾ ಟೀಚರ್?" ಎಂದು ನಿಜವಾದ ಮರುಕದಿಂದ ಕೇಳಿದಳು. ಭತ್ತಕ್ಕೆ ಪ್ಯಾಡಿ ಎಂಬ ಹೆಸರಿದೆ, ಅದನ್ನೂ ಅವರು ಮಲಯ ಭಾಷೆಯಿಂದ ಪಡೆದರು ಎಂದು ಹೇಳಿದೆ. ಇನ್ನೊಂದು ಕಡೆ, ನಮ್ಮ ಕೈ ಎಂಬ ಒಂದೇ ಪದವನ್ನು ಅವರು ಹ್ಯಾಂಡ್ ಮತ್ತು ಆರ್ಮ್ ಎಂದು, ಕಾಲನ್ನು ಲೆಗ್ ಮತ್ತು ಫೂಟ್ ಎಂದು ಒಡೆಯುತ್ತಾರೆ. ಅಕ್ಕ, ತಂಗಿ ಇಬ್ಬರೂ ಅಲ್ಲಿ ಸಿಸ್ಟರ್. ತನ್ನ ಭಾಷೆ ಕೆಲವೆಡೆ ಹೆಚ್ಚು ಸೂಕ್ಷ್ಮ ಎಂದು ಕಂಡ ಮಗುವಿಗೆ ಇನ್ನೊಂದು ಭಾಷೆಯ ಮುಂದೆ ಅಳುಕು ಕಡಿಮೆಯಾಗುತ್ತದೆ.

ಸಣ್ಣ ಪದಗಳ ವಿಷಯವನ್ನು ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದ ಶಿಕ್ಷಣತಜ್ಞ ಎಡ್ವರ್ಡ್ ಡಾಲ್ಚ್ 1936ರಲ್ಲಿ ಪ್ರಕಟಿಸಿದ 220 ಪದಗಳ ಪಟ್ಟಿಯಲ್ಲಿ ನಾಮಪದಗಳೇ ಇಲ್ಲ. ಮಕ್ಕಳ ಓದಿನಲ್ಲಿ ಪದೇ ಪದೇ ಬರುವ ದ, ಆನ್, ಅಂಡರ್, ವಿತ್ ಇಂಥವು ಅಲ್ಲಿವೆ. ನಮ್ಮಲ್ಲಿ ಈ ಕೆಲಸವನ್ನು ವಿಭಕ್ತಿ ಪ್ರತ್ಯಯಗಳು ಮಾಡುತ್ತವೆ, ಅವು ಹೆಸರಿನ ಕೊನೆಗೆ ಅಂಟಿಕೊಂಡು ಬರುತ್ತವೆ. ಇಂಗ್ಲಿಷಿನಲ್ಲಿ ಅವು ಹೆಸರಿಗಿಂತ ಮೊದಲು ಬಿಡಿಯಾಗಿ ನಿಲ್ಲುತ್ತವೆ. ಬ್ಯಾಗ್ ಇನ್ ಎಂದು ಮಕ್ಕಳು ಹೇಳುತ್ತಿದ್ದುದಕ್ಕೆ ಕಾರಣ ಇದು. ಇವನ್ನು ಪ್ರತ್ಯೇಕವಾಗಿ ಕಲಿಸದೆ ಪುಟ್ ಮತ್ತು ಟೇಕ್ ವಾಕ್ಯಗಳೊಳಗೇ ಉಳಿಸಿಕೊಂಡೆ.

ಮಲೆನಾಡಿನಲ್ಲಿ ಮಳೆ ರಜೆ ಬಂದರೆ ಪಾಠದ ಸರಪಳಿ ಕಡಿದುಹೋಗುತ್ತದೆ. ಕಲಿತದ್ದು ಮೊದಲ ದಿನಗಳಲ್ಲೇ ಅತಿ ವೇಗವಾಗಿ ಮರೆಯುತ್ತದೆ ಎಂದು ಜರ್ಮನ್ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿಯೇ ತೋರಿಸಿದ್ದಾನೆ. ಇದಕ್ಕಾಗಿ ರಟ್ಟಿನ ಪೆಟ್ಟಿಗೆಯೊಂದನ್ನು ಮೂರು ಖಾನೆ ಮಾಡಿ, ಪದಗಳ ಚಿತ್ರಕಾರ್ಡುಗಳನ್ನು ಇಟ್ಟೆವು. ಮೊದಲ ಖಾನೆಯನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ ನೋಡುವುದು, ಸರಿಯಾಗಿ ಹೇಳಿದ ಪದ ಮುಂದಿನ ಖಾನೆಗೆ, ತಪ್ಪಿದ್ದು ಮತ್ತೆ ಮೊದಲಿಗೆ. ಜರ್ಮನಿಯಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಉಪಾಯದ ಸರಳ ರೂಪ ಇದು. ಕಾರ್ಡಿನ ಮೇಲೆ ಆರಂಭದಲ್ಲಿ ಅಕ್ಷರಗಳಿರಲಿಲ್ಲ, ಚಿತ್ರ ಮಾತ್ರ ಇತ್ತು. ಇದು ಮನೆಗಳಲ್ಲಿ ಆತಂಕ ಹುಟ್ಟಿಸಿತು.

ಸೆಪ್ಟೆಂಬರಿನ ಕೊನೆಗೆ ಒಬ್ಬ ತಾಯಿ ಶಾಲೆಗೆ ಬಂದರು. ತೋಟದ ಕೆಲಸ ಮುಗಿಸಿ, ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚದೆಯೇ ಬಂದಿದ್ದರು. "ಟೀಚರೇ, ಮಗೀನ ಇಂಗ್ಲಿಷ್ ಪುಸ್ತಕದಲ್ಲಿ ಒಂದು ಅಕ್ಷರಾನೂ ಇಲ್ವಲ್ಲ. ಆಟ ಆಡಿಸ್ತೀರಂತೆ. ನಮಗಂತೂ ಬರಲ್ಲ, ಅವಳಿಗಾದರೂ ಬರಲಿ ಅಂತ ಕಳಿಸ್ತೀವಿ" ಎಂದರು. ಅವರ ಮಾತಿನಲ್ಲಿ ಸಿಟ್ಟಿಗಿಂತ ಭಯ ಹೆಚ್ಚಿತ್ತು. ಖಾಸಗಿ ಶಾಲೆಯ ವ್ಯಾನು ತಮ್ಮ ಮನೆಯ ಮುಂದೆಯೇ ಹೋಗುವುದನ್ನು ನೋಡುತ್ತ ಮಗುವನ್ನು ಇಲ್ಲಿಗೆ ಕಳಿಸುವ ತಾಯಿಯ ಭಯವನ್ನು ಕಡೆಗಣಿಸುವುದು ಸಾಧ್ಯವಿರಲಿಲ್ಲ. "ಕೂತ್ಕೊಳ್ಳಿ ಅಮ್ಮ, ಅವಳನ್ನೇ ಏನಾದರೂ ಕೇಳಿ ನೋಡೋಣ" ಎಂದು, ಮಗಳಿಗೆ ಇಂಗ್ಲಿಷಿನಲ್ಲಿ ನಾಲ್ಕು ಕೆಲಸ ಹೇಳಿದೆ. ಅವಳು ಬಾಟಲಿ ತಂದು, ಲೋಟಕ್ಕೆ ನೀರು ಹಾಕಿ, ಅಮ್ಮನ ಕೈಗೆ ಕೊಟ್ಟು, ಬಾಗಿಲು ಹಾಕಿ ಬಂದಳು. ತಾಯಿ ನೀರು ಕುಡಿದರು. "ಬರೆಯೋದು ಯಾವಾಗ?" ಎಂದು ಮತ್ತೆ ಕೇಳಿದರು. ದಸರಾ ಕಳೆದ ಮೇಲೆ ಎಂದು ಮಾತು ಕೊಟ್ಟೆ.

ಆ ಪ್ರಶ್ನೆ ನ್ಯಾಯವಾದದ್ದು. ನಾನು ಬರಹವನ್ನು ಇನ್ನೂ ಮುಂದಕ್ಕೆ ತಳ್ಳುವವಳಿದ್ದೆ, ಅವರಿಂದಾಗಿ ನವೆಂಬರಿನಲ್ಲಿಯೇ ಆರಂಭಿಸಿದೆ. ಬಾಯಲ್ಲಿ ಬಳಸಿ ಮೂರನೆಯ ಖಾನೆ ಮುಟ್ಟಿದ ಪದವನ್ನು ಮಾತ್ರ ಬರೆಯುವುದು ಎಂಬ ಒಂದೇ ನಿಯಮ. ಮಕ್ಕಳು ಐದು ಸಲ ಬರೆದು ತರುವ ಅಗತ್ಯ ಬೀಳಲಿಲ್ಲ. ಧ್ವನಿ ಮೊದಲೇ ತಿಳಿದಿದ್ದರಿಂದ ಅಕ್ಷರಗಳು ಅದಕ್ಕೆ ಆತುಕೊಂಡವು, ತಪ್ಪುಗಳೂ ಅರ್ಥವಾಗುವಂಥ ತಪ್ಪುಗಳಾದವು.

ಕೊಡೆಯ ಹುಡುಗಿಯ ವಿಷಯ ಹೇಳದೆ ಈ ವರದಿ ಪ್ರಾಮಾಣಿಕವಾಗುವುದಿಲ್ಲ. ಈ ಬದಲಾವಣೆಯಿಂದ ಮೊದಲು ಪೆಟ್ಟು ತಿಂದವಳು ಅವಳೇ. ಉಕ್ತಲೇಖನದಲ್ಲಿ ಮೊದಲಿಗಳಾಗಿದ್ದ ಮಗು, ಉಕ್ತಲೇಖನವೇ ಇಲ್ಲದ ತರಗತಿಯಲ್ಲಿ ಹಿಂದಿನ ಸಾಲಿಗೆ ಸರಿದು ಮೌನವಾಗಿಬಿಟ್ಟಳು. ಪಲ್ಪರ್ ಹುಡುಗ ಎದ್ದು ನಿಂತು ಮಾತಾಡುವಾಗ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳ ಶ್ರಮವನ್ನು ನಾನು ಒಂದೇ ದಿನದಲ್ಲಿ ಬೆಲೆಯಿಲ್ಲದಂತೆ ಮಾಡಿದ್ದೆ, ಮತ್ತು ಅದು ನನಗೆ ಅರಿವಾಗಲು ಆರು ವಾರ ಬೇಕಾಯಿತು. ಖಾತೆ ಬರೆಯುವ ಹೊಣೆಯನ್ನು ಅವಳಿಗೆ ವಹಿಸಿದೆ. ಬೇರೆ ಮಕ್ಕಳು ಪದವನ್ನು ಹೇಳಬೇಕು, ಅವಳು ಅದನ್ನು ಕೇಳಿ ಅಕ್ಷರಕ್ಕಿಳಿಸಬೇಕು, ಸಂಶಯವಿದ್ದರೆ ನಿಘಂಟು ನೋಡಬೇಕು. ಬರೆಯುವ ಮೊದಲು ಪದವನ್ನು ಎರಡು ಸಲ ಹೇಳಿಸಿಕೊಂಡು, ತಾನೂ ಹೇಳಿ ನೋಡಿ ಬರೆಯುತ್ತಿದ್ದಳು. ಅಕ್ಷರದ ದಾರಿಯಿಂದಲೇ ಅವಳು ಮಾತಿಗೆ ಬಂದಳು.

ಫೆಬ್ರವರಿಯ ಕೊನೆಗೆ ಅದೇ ಜಗಲಿಯಲ್ಲಿ ಅದೇ ನಲವತ್ತು ಪದಗಳನ್ನು ಅದೇ ಮೂರು ವಿಧದಲ್ಲಿ ಮತ್ತೆ ಕೇಳಿದೆ. ಕೆಲಸ ಹೇಳಿದಾಗ ಸುಮ್ಮನೆ ನಿಂತ ಮಗು ಈ ಸಲ ಒಂದೂ ಇರಲಿಲ್ಲ. ಹೆಸರು ಹೇಳುವುದರಲ್ಲಿ ಬದನೆ, ಕುಂಬಳಗಳ ಗೊಂದಲ ಕೆಲವರಲ್ಲಿ ಉಳಿದೇ ಇತ್ತು. ಹಿಂದೆ ಕಲಿಸಿದ ತಪ್ಪಿನ ಗುರುತು ಅದು, ಹೊಸದಾಗಿ ಕಲಿಸುವುದಕ್ಕಿಂತ ಅದನ್ನು ಬಿಡಿಸುವುದೇ ಕಷ್ಟ. ಮಕ್ಕಳು ಅಪ್ಪಣೆ ಕೊಡುವುದರಲ್ಲಿ ಗಟ್ಟಿಯಾದರು, ಪ್ರಶ್ನೆ ಕೇಳುವುದರಲ್ಲಿ ಆಗಲಿಲ್ಲ, ನಿನ್ನೆಯ ಮಾತನ್ನು ಹೇಳುವುದಂತೂ ಇನ್ನೂ ದೂರ. ಅಪ್ಪಣೆಗಳ ಮೂಲಕವೇ ಕಲಿಸಿದ್ದರಿಂದ ಹೀಗಾಯಿತು, ಮುಂದಿನ ವರ್ಷ ಇದನ್ನು ಸರಿಪಡಿಸಬೇಕು. ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ಒಂದು ಕುಟುಂಬ ಬೇರೆ ತೋಟಕ್ಕೆ ಹೋಯಿತು. ಅವರ ಇಬ್ಬರು ಮಕ್ಕಳು ಎರಡನೆಯ ಪರೀಕ್ಷೆಯಲ್ಲಿ ಇರಲಿಲ್ಲ. ಹೋಗುವಾಗ ಮೂರನೆಯ ಖಾನೆಯ ತಮ್ಮ ಪಾಲಿನ ಕಾರ್ಡುಗಳನ್ನು ಕೇಳಿ ತೆಗೆದುಕೊಂಡು ಹೋದರು.

ಖಾತೆಯಲ್ಲಿ ಹಾಕು ಮತ್ತು ತೆಗೆ ಎಂಬ ಪುಟಗಳ ನಂತರ ಮಕ್ಕಳೇ ಬಿಡು ಎಂದು ಒಂದು ಪುಟ ತೆರೆದಿದ್ದಾರೆ. ಬಸ್ಸು ಬಿಟ್ಟಿತು, ಶಾಲೆ ಬಿಟ್ಟಿತು, ಕಾಲುವೆಗೆ ನೀರು ಬಿಟ್ಟರು, ಹಲಸು ಕಾಯಿ ಬಿಟ್ಟಿದೆ, ಅಜ್ಜ ಬೀಡಿ ಬಿಟ್ಟರು, ನನ್ನ ಕೈ ಬಿಡು ಎಂದು ಎಡಗಡೆಯ ಕಲಮಿನಲ್ಲಿ ಕೊಡೆಯ ಹುಡುಗಿಯ ದುಂಡನೆಯ ಅಕ್ಷರಗಳಿವೆ. ಇವಕ್ಕೆಲ್ಲ ಒದಗುವ ಒಂದು ಪದ ನನಗಿನ್ನೂ ಸಿಕ್ಕಿಲ್ಲ. ಲೆಟ್ ಎಂಬುದರಿಂದ ಎರಡು, ಲೀವ್ ಎಂಬುದರಿಂದ ಒಂದು ಸಾಲು ತುಂಬಬಹುದು ಎಂದು ಎಣಿಸಿದ್ದೇನೆ. ಬಲಗಡೆಯ ಕಲಮು ಜೂನ್ ತಿಂಗಳಿಗೆಂದು ಖಾಲಿ ಇದೆ.